ಸೂರ್ಯ ಹೊರಬರುವುದು ಮಂಟಪದಿಂದಲೋ, ಒಳಮನೆಯಿಂದಲೋ?

ಗೆಳೆಯರೇ,

ಒಂದು ಪದದ ಕೈಗೆ ಸಿಕ್ಕಿಬಿದ್ದಿದ್ದೇನೆ. ನಮ್ಮ ಬೀದಿಯ ಆಂಟಿಯೊಬ್ಬರು ಚರ್ಚಿನಲ್ಲಿ ಬೈಬಲಿನ 19ನೇ ಕೀರ್ತನೆ ಓದಬೇಕಂತೆ. ಮಕ್ಕಳಿಗೂ ತಿಳಿಯೋ ಹಾಗೆ ಸುಲಭ ಕನ್ನಡದಲ್ಲಿ ಬರೆದುಕೊಡಿ ಅಂದರು. ಕನ್ನಡ ಮೇಷ್ಟ್ರಾಗಿದ್ದ ತಪ್ಪಿಗೆ ಒಪ್ಪಿಕೊಂಡೆ. 4ರಿಂದ 6ನೇ ವಚನಕ್ಕೆ ಬರುವಷ್ಟರಲ್ಲಿ ಗಾಡಿ ನಿಂತಿತು.

ಅಲ್ಲಿರುವ ಮಾತು ಇಷ್ಟು. ದೇವರು ಆಕಾಶದಲ್ಲಿ ಸೂರ್ಯನಿಗೆ ಗುಡಾರ ಹಾಕಿದ್ದಾನೆ. ಸೂರ್ಯ ಮದುಮಗನ ಹಾಗೆ ತನ್ನ 'ಹುಪ್ಪಾ'ದಿಂದ ಹೊರಗೆ ಬರುತ್ತಾನೆ, ಗಟ್ಟಿಗನ ಹಾಗೆ ಓಡಲು ಹಿಗ್ಗುತ್ತಾನೆ.

ಈ 'ಹುಪ್ಪಾ' ಕೀರ್ತನೆಯ ಮೂಲಭಾಷೆಯಾದ ಹೀಬ್ರೂವಿನ ಪದ. ಈಗಿನ ಯೆಹೂದಿ ಮದುವೆಗಳಲ್ಲಿ ನಾಲ್ಕು ಕೋಲಿನ ಮೇಲೆ ಬಟ್ಟೆ ಕಟ್ಟಿರುತ್ತಾರಲ್ಲ, ಅದಕ್ಕೆ ಹುಪ್ಪಾ ಅನ್ನುತ್ತಾರೆ. ಹಾಗಾಗಿ ನಾನು ಸುಮ್ನೆ 'ಮಂಟಪ' ಅಂತ ಬರೆದೆ. ಓದಿ ತೋರಿಸಿದಾಗ ನಮ್ಮ ಮನೆಯವರು ನಕ್ಕುಬಿಟ್ಟರು. "ಗಂಡು ಮಂಟಪ ಬಿಟ್ಟು ಹೊರಟ ಅಂದ್ರೆ ಕಾಶಿಯಾತ್ರೆ ಅಲ್ವಾ? ಛತ್ರಿ, ಕೋಲು ಎಲ್ಲಿ? ಹಿಂದೆ ಓಡಿಹೋಗಿ ಕರ್ಕೊಂಡು ಬರೋ ಮಾವ ಎಲ್ಲಿ?"

ಮಾತು ಸರಿಯೇ. ನಮ್ಮಲ್ಲಿ ಗಂಡು ಮಂಟಪಕ್ಕೆ ಬರುತ್ತಾನೆ, ಹೊರಡುವಾಗ ಹೆಂಡತಿ ಜೊತೆಗಿರುತ್ತಾಳೆ. ಕೀರ್ತನೆಯಲ್ಲಿ ಅವನು ಒಬ್ಬನೇ ಬರುತ್ತಾನೆ. ಬೈಬಲಿನದೇ ಯೋವೇಲನ ಗ್ರಂಥದಲ್ಲಿ (2:16) ಇದೇ ಪದ ಮತ್ತೆ ಸಿಗುತ್ತದೆ. ಮದುಮಗ ತನ್ನ ಕೋಣೆಯಿಂದ ಬರಲಿ, ಮದುಮಗಳು ತನ್ನ ಹುಪ್ಪಾದಿಂದ ಬರಲಿ ಅಂತ ಇದೆ. ಅಂದರೆ ಹಳೆಯ ಅರ್ಥ ಚಪ್ಪರವಲ್ಲ, ಹೊಸ ಜೋಡಿಯ ಕೋಣೆ. ಮದುವೆಯ ಮಾರನೇ ಬೆಳಗ್ಗೆ ಬಾಗಿಲು ತೆಗೆದು ಬರುವವನ ಮುಖದ ಕಳೆ ಸೂರ್ಯನಿಗಿದೆ.

'ಶೋಭನದ ಕೋಣೆ' ಅಂದರೆ ಸಿನಿಮಾ ನೆನಪಾಗಿ ಹುಡುಗರು ಕಿಸಕ್ಕನೆ ನಗುತ್ತಾರೆ. 'ಪ್ರಸ್ತದ ಕೋಣೆ' ಕೆಲವು ಮನೆಗಳಲ್ಲಷ್ಟೇ ನಡೆಯುವ ಮಾತು. ಸದ್ಯಕ್ಕೆ 'ಒಳಮನೆ' ಅಂತ ಹಾಕಿದ್ದೇನೆ. ಮದುವೆಯ ವಾಸನೆ ಸ್ವಲ್ಪ ಕಡಿಮೆಯಾಯಿತು, ಗೊತ್ತು.

'ನೇಸರು' ಬಳಸುವ ಆಸೆಯೂ ಇತ್ತು. ಆದರೆ ನೇಸರು 'ಮೂಡಿತು' ಅನ್ನುತ್ತೇವೆ, ಸೂರ್ಯ 'ಹುಟ್ಟಿದ' ಅನ್ನುತ್ತೇವೆ. ಮದುಮಗ ಅಂದಮೇಲೆ 'ಅವನು' ಬೇಕೇ ಬೇಕು. ಹೀಬ್ರೂವಿನ 'ಶೆಮೆಶ್' ಕೆಲವು ಕಡೆ ಹೆಣ್ಣು, ಕೆಲವು ಕಡೆ ಗಂಡು. ಇಲ್ಲಿ ಗಂಡು. ಸೂರ್ಯನೇ ಇರಲಿ.

ಹಾಗಂದ ತಕ್ಷಣ ನಮ್ಮವರಿಗೆ ಏಳು ಕುದುರೆ, ಅರುಣ ಸಾರಥಿ ಎಲ್ಲಾ ಕಣ್ಣಿಗೆ ಬರುತ್ತದೆ. ಈ ಸೂರ್ಯನಿಗೆ ರಥವೇ ಇಲ್ಲ, ಕಾಲಲ್ಲೇ ಓಡಬೇಕು! ಸೂರ್ಯನ ರಥ ಆ ಕಾಲದ ಹೀಬ್ರೂ ಜನರಿಗೆ ಗೊತ್ತಿರಲಿಲ್ಲ ಅಂತಲ್ಲ. ಯೆರೂಸಲೇಮಿನ ದೇವಾಲಯದ ಬಾಗಿಲಲ್ಲಿ ಸೂರ್ಯನಿಗೆಂದು ಇಟ್ಟಿದ್ದ ಕುದುರೆಗಳನ್ನು ಯೋಷೀಯ ರಾಜ ತೆಗೆಸಿದ, ರಥಗಳನ್ನು ಸುಡಿಸಿದ ಅಂತ ಎರಡನೇ ಅರಸುಗಳ ಗ್ರಂಥದಲ್ಲಿದೆ (23:11). ಕೀರ್ತನೆಯ ಸೂರ್ಯ ದೇವರಲ್ಲ, ದೇವರು ಕೊಟ್ಟ ಗುಡಾರದಲ್ಲಿ ಇರುವವನು. ಅದಕ್ಕೇ 'ಸೂರ್ಯದೇವ', 'ಭಾಸ್ಕರ' ಇವನ್ನೆಲ್ಲ ದೂರ ಇಟ್ಟೆ.

ಕೊನೆಯ ಸಾಲು ಮಾತ್ರ ಸಲೀಸಾಗಿ ಬಂತು: 'ಅವನ ಕಾವಿಗೆ ಮರೆಯಾದದ್ದು ಒಂದೂ ಇಲ್ಲ.' ಮೊದಲು 'ಬಿಸಿಲಿಗೆ' ಅಂತ ಬರೆದಿದ್ದೆ. ಬಿಸಿಲಿಗೆ ಮರೆ ಉಂಟು, ಮರದ ಕೆಳಗೆ ನಿಂತರಾಯಿತು. ಏಪ್ರಿಲ್‌ನಲ್ಲಿ ನಮ್ಮ ತಾರಸಿಯ ಶೀಟಿನ ರೂಮಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಬಿಸಿಲು ಒಂದು ಚೂರೂ ಒಳಗೆ ಬಿದ್ದಿಲ್ಲ, ಕಾವು ಮಾತ್ರ ನೆತ್ತಿಗೇ ಬಡಿಯುತ್ತಿದೆ.

ಈಗ ನನ್ನ ಪ್ರಶ್ನೆ. ಹೊಸ ಜೋಡಿಗೆ ಬಿಟ್ಟುಕೊಡುವ ಕೋಣೆಗೆ ನಿಮ್ಮ ಕಡೆ ಏನನ್ನುತ್ತಾರೆ? ಮಕ್ಕಳ ಮುಂದೆ ಗಟ್ಟಿಯಾಗಿ ಓದಬಹುದಾದ ಪದ ಬೇಕು. ಶನಿವಾರದೊಳಗೆ ತಿಳಿಸಿ, ಆಂಟಿ ಆಗಲೇ ಎರಡು ಸಲ ಬಂದು ಕೇಳಿ ಹೋದರು.