ಚಳಿಗೆ ಕಾರು ಸ್ಟಾರ್ಟ್ ಆಗುತ್ತಿಲ್ಲ, ಬ್ಯಾಟರಿ ಹೊಸದು

ಪ್ರಶ್ನೆ (ಮುಂಜಾನೆ_ಸವಾರ):
ಎಂಟು ವರ್ಷದ ಪೆಟ್ರೋಲ್ ಕಾರು. ಚಳಿ ಶುರುವಾದಾಗಿನಿಂದ ಬೆಳಗ್ಗೆ ಕೀ ತಿರುಗಿಸಿದರೆ ಉಂಯ್... ಉಂಯ್... ಅಂತ ಎಳೆದೂ ಎಳೆದೂ ತಿರುಗಿ ನಿಂತುಬಿಡುತ್ತದೆ. ಮೂರ್ನಾಲ್ಕು ಸಲ ಹೊಡೆದ ಮೇಲೆ ಬರೀ ಟಕ್ ಅಂತ ಒಂದು ಸದ್ದು. ಮಧ್ಯಾಹ್ನ ಬಿಸಿಲು ಬಿದ್ದ ಮೇಲೆ ಅದೇ ಕಾರು ಏನೂ ಆಗದ ಹಾಗೆ ಒಂದೇ ಸಲಕ್ಕೆ ಸ್ಟಾರ್ಟ್! ಬ್ಯಾಟರಿ ಹೋಗಿರಬೇಕು ಅಂತ ಹೋದ ವಾರ ಹೊಸದು ಹಾಕಿಸಿದೆ. ಎರಡು ದಿನ ಸರಿಯಿತ್ತು (ಆ ಎರಡು ದಿನ ಚಳಿಯೂ ಕಮ್ಮಿ ಇತ್ತು ಅನ್ನೋದು ಈಗ ಹೊಳೆಯುತ್ತಿದೆ), ಮೂರನೇ ದಿನ ಮತ್ತೆ ಅದೇ ಕಥೆ. ಮೆಕ್ಯಾನಿಕ್ ಈಗ ಸ್ಟಾರ್ಟರ್ ಮೋಟರ್ ಬದಲಿಸೋಣ ಅನ್ನುತ್ತಿದ್ದಾರೆ. ಹೀಗೆ ಒಂದೊಂದೇ ಬದಲಿಸುತ್ತಾ ಹೋದರೆ ಕೊನೆಗೆ ಹಳೇದು ಅಂತ ಉಳಿಯೋದು ನಾನೊಬ್ಬನೇ. ಮೊದಲು ಏನು ನೋಡಬೇಕು?

ಹಳೆ_ಡೀಸೆಲ್:
ಹೀಟರ್ ಪ್ಲಗ್ ಹೋಗಿದೆ. ಕೀ ಆನ್ ಮಾಡಿ, ಡ್ಯಾಶ್‌ಬೋರ್ಡಿನಲ್ಲಿ ಸುರುಳಿ ಗುರುತಿನ ದೀಪ ಆರುವ ತನಕ ಕಾದು, ಆಮೇಲೆ ಸ್ಟಾರ್ಟ್ ಮಾಡಿ ನೋಡಿ. ನನ್ನದೂ ಹೀಗೇ ಆಗಿತ್ತು, ನಾಲ್ಕರಲ್ಲಿ ಮೂರು ಪ್ಲಗ್ ಸತ್ತಿದ್ದವು.

ಗ್ರೀಸ್‌_ಕೈ:
ಅಣ್ಣಾ, ಅವರದು ಪೆಟ್ರೋಲ್. ಚಳಿಗೆ ಇಂಜಿನ್ ಒಳಗೆ ಬಿಸಿ ಮಾಡುವ ಆ ಪ್ಲಗ್ ಇರೋದು ಡೀಸೆಲ್‌ಗೆ. ಪೆಟ್ರೋಲ್ ಗಾಡಿಗೆ ಹೀಟರ್ ಪ್ಲಗ್ ಎಲ್ಲಿಂದ ತರೋಣ?

ಸವಾರರೇ, ಮೋಟರ್ ಈಗಲೇ ಬಿಚ್ಚಿಸಬೇಡಿ. ಚಳಿಯಲ್ಲಿ ಸ್ಟಾರ್ಟ್ ಆಗದ ಗಾಡಿಗಳಲ್ಲಿ ಎರಡು ಜಾತಿ. ಒಂದು, ಸೆಲ್ಫ್ (ಅದೇ ಸ್ಟಾರ್ಟರ್ ಮೋಟರ್) ಜೋರಾಗಿ ತಿರುಗುತ್ತದೆ ಆದರೆ ಇಂಜಿನ್ ಹತ್ತಿಕೊಳ್ಳುವುದಿಲ್ಲ. ಆಗ ಪೆಟ್ರೋಲ್, ಸ್ಪಾರ್ಕ್ ಪ್ಲಗ್, ಸೆನ್ಸರ್ ಕಡೆ ನೋಡಬೇಕು. ಇನ್ನೊಂದು, ಸೆಲ್ಫೇ ನಿಧಾನ. ನಿಮ್ಮದು ಇದು. ಅಂದರೆ ಮೋಟರಿಗೆ ಕರೆಂಟ್ ಸಾಲುತ್ತಿಲ್ಲ, ಇಲ್ಲವೇ ಇಂಜಿನ್ ತಿರುಗೋಕೆ ಭಾರ ಆಗಿದೆ. ಚಳಿಯಲ್ಲಿ ಎರಡೂ ಒಟ್ಟಿಗೇ ಆಗುತ್ತವೆ: ಆಯಿಲ್ ಗಟ್ಟಿ, ಬ್ಯಾಟರಿಯ ಶಕ್ತಿ 0 ಡಿಗ್ರಿಗೆ ಬಂದರೆ ಶೇ. 20ರಷ್ಟು ಕಮ್ಮಿ.

ಮಲ್ಟಿಮೀಟರ್ ಇದೆಯಾ? ರಾತ್ರಿ ಪೂರ್ತಿ ನಿಂತ ಗಾಡಿಯಲ್ಲಿ, ಬೆಳಗ್ಗೆ ಏನನ್ನೂ ಆನ್ ಮಾಡುವ ಮೊದಲು ಬ್ಯಾಟರಿ ವೋಲ್ಟೇಜ್ ನೋಡಿ. 12.6ರ ಆಸುಪಾಸು ಇದ್ದರೆ ತುಂಬಿದೆ, 12.2 ಅಂದರೆ ಅರ್ಧ ಖಾಲಿ. ಆಮೇಲೆ ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ ಆ ಹೊತ್ತಿನಲ್ಲಿ ಎಷ್ಟಕ್ಕೆ ಇಳಿಯುತ್ತದೆ ನೋಡಿ. 9.6ಕ್ಕಿಂತ ಕೆಳಗೆ ಹೋದರೆ ಬ್ಯಾಟರಿ ಮೇಲೇ ಅನುಮಾನ. ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಜಾಸ್ತಿ ಹೊಡೆಯಬೇಡಿ, ನಡುವೆ ಒಂದು ನಿಮಿಷ ಬಿಡಿ, ಇಲ್ಲದಿದ್ದರೆ ಸುಟ್ಟುಹೋಗಿ ನಿಮ್ಮ ಮೆಕ್ಯಾನಿಕ್ ಮಾತು ನಿಜ ಆಗಿಬಿಡುತ್ತದೆ.

ಎರಡನೇ_ಗೇರ್:
ಆಯಿಲ್ ಯಾವುದು ಹಾಕಿಸಿದ್ದೀರಿ? ಪುಸ್ತಕದಲ್ಲಿ 5ಡಬ್ಲ್ಯು-30 ಅಂತ ಇದ್ದರೂ ಸಿಕ್ಕಿದ್ದು ಸುರಿಯುವವರು ಇದ್ದಾರೆ. ಡಬ್ಲ್ಯುಗೆ ಮೊದಲು ಬರುವ ಅಂಕಿ ದೊಡ್ಡದಾದಷ್ಟೂ ಚಳಿಗೆ ಆಯಿಲ್ ಗಟ್ಟಿ. 20ಡಬ್ಲ್ಯು ಹಾಕಿದ್ದರೆ ಒಳ್ಳೆ ಬ್ಯಾಟರಿಯೂ ಬೆಳಗ್ಗೆ ಒದ್ದಾಡುತ್ತದೆ.

ಮುಂಜಾನೆ_ಸವಾರ:
ಆಯಿಲ್ ಪುಸ್ತಕದಲ್ಲಿ ಹೇಳಿದ್ದೇ, ಬಿಲ್ ನೋಡಿದೆ. ಇವತ್ತು ಬೆಳಗ್ಗೆ ಬ್ಯಾಟರಿ 12.6 ತೋರಿಸಿತು. ಹೆಂಡತಿ ಸೆಲ್ಫ್ ಹೊಡೆದಾಗ 11.1ಕ್ಕೆ ಇಳಿಯಿತು, ಅಷ್ಟೆ. ಸೆಲ್ಫ್ ಮಾತ್ರ ಅದೇ ಉಂಯ್ ಉಂಯ್. ಬ್ಯಾಟರಿ ಚೆನ್ನಾಗಿದ್ದರೆ ಮೋಟರೇ ಅಲ್ವಾ ಹಾಗಾದರೆ?

ಗ್ರೀಸ್‌_ಕೈ:
ಅವಸರ ಬೇಡ. 11.1 ಬ್ಯಾಟರಿಯ ತಲೆ ಮೇಲೆ ಇದೆ, ಮೋಟರಿಗೆ ಅಷ್ಟು ತಲುಪುತ್ತಿದೆಯಾ ಅನ್ನೋದು ಪ್ರಶ್ನೆ. ಸೆಲ್ಫ್ ಹೊಡೆಯುವಾಗ 200 ಆಂಪಿಯರ್ ಹರಿಯುತ್ತದೆ ಅಂತ ಇಟ್ಟುಕೊಳ್ಳಿ. ದಾರಿಯಲ್ಲಿ ಎಲ್ಲೋ ತುಕ್ಕು ಹಿಡಿದು 0.005 ಓಮ್ ತಡೆ ಇದ್ದರೂ ಒಂದು ಪೂರ್ತಿ ವೋಲ್ಟ್ ಅಲ್ಲೇ ಹೋಯಿತು. ಇಷ್ಟು ಸಣ್ಣ ತಡೆ ಮೀಟರಿನ ಓಮ್ ಅಳತೆಯಲ್ಲಿ ಕಾಣುವುದೇ ಇಲ್ಲ, ಬೀಪ್ ಸದ್ದು ಮಾಡಿ ವೈರ್ ಸರಿಯಿದೆ ಅನ್ನುತ್ತದೆ. ಎಷ್ಟೋ ಒಳ್ಳೆ ಮೋಟರ್‌ಗಳು ಗುಜರಿಗೆ ಹೋಗುವುದು ಈ ಬೀಪ್ ನಂಬಿಯೇ.

ಹಾಗಾಗಿ ಹೊರೆ ಇರುವಾಗಲೇ ಅಳೆಯಬೇಕು. ಮೀಟರ್ ಡಿಸಿ ವೋಲ್ಟ್‌ನಲ್ಲಿಡಿ. ಕಪ್ಪು ಕಡ್ಡಿ ಬ್ಯಾಟರಿಯ ಮೈನಸ್ ಕಂಬದ ಮೇಲೆ (ಕ್ಲಾಂಪ್ ಮೇಲಲ್ಲ, ಸೀಸದ ಕಂಬದ ಮೇಲೇ), ಕೆಂಪು ಕಡ್ಡಿ ಇಂಜಿನ್ನಿನ ಬರಿ ಲೋಹದ ಮೇಲೆ. ಸೆಲ್ಫ್ ಹೊಡೆಸಿ. 0.2 ವೋಲ್ಟ್ ಒಳಗಿದ್ದರೆ ಅರ್ತಿಂಗ್ (ಇಂಜಿನ್ನಿನಿಂದ ಬ್ಯಾಟರಿ ಮೈನಸ್‌ಗೆ ಕರೆಂಟ್ ವಾಪಸ್ ಬರುವ ದಾರಿ) ಸರಿಯಿದೆ, ಜಾಸ್ತಿ ಬಂದರೆ ಕಳ್ಳ ಸಿಕ್ಕಿದ. ಅದು ಸರಿಯಿದ್ದರೆ ಬ್ಯಾಟರಿ ಪ್ಲಸ್‌ನಿಂದ ಮೋಟರಿನ ದಪ್ಪ ವೈರ್ ಕೂರುವ ಬೋಲ್ಟ್ ತನಕ ಇದೇ ಥರ ಅಳೆಯಿರಿ. ಗಾಡಿ ನ್ಯೂಟ್ರಲ್‌ನಲ್ಲಿ, ಹ್ಯಾಂಡ್‌ಬ್ರೇಕ್ ಹಾಕಿ, ತೋಳು ವೈರು ಬೆಲ್ಟಿನಿಂದ ದೂರ.

ಹಳೆ_ಡೀಸೆಲ್:
ಪೆಟ್ರೋಲ್ ಅಂದಿದ್ದು ಓದಲೇ ಇಲ್ಲ, ಕ್ಷಮಿಸಿ. ಆದರೆ ಅರ್ತಿಂಗ್ ವಿಷಯಕ್ಕೆ ನನ್ನದೂ ಒಂದು ವೋಟು. ಮಧ್ಯಾಹ್ನ ಸರಿಯಾಗಿ ಸ್ಟಾರ್ಟ್ ಆಗುತ್ತದಲ್ಲ, ಅದು ಯಾಕೆ ಗೊತ್ತಾ, ಆಯಿಲ್ ತೆಳ್ಳಗಾಗಿ ಮೋಟರ್ ಕಮ್ಮಿ ಕರೆಂಟಿನಲ್ಲೇ ತಿರುಗಿಬಿಡುತ್ತದೆ, ತುಕ್ಕಿನ ತಡೆ ಅಲ್ಲೇ ಇದ್ದರೂ ಲೆಕ್ಕಕ್ಕೆ ಬರುವುದಿಲ್ಲ.

ಮುಂಜಾನೆ_ಸವಾರ:
1.4 ವೋಲ್ಟ್!! ಎರಡು ಸಲ ನೋಡಿದೆ, ನಂಬಿಕೆ ಬರದೆ.

ಬ್ಯಾಟರಿ ಟ್ರೇ ತೆಗೆದರೆ ಕೆಳಗೆ ಹೆಣೆದ ಪಟ್ಟಿಯಂಥ ವೈರ್ ಒಂದಿದೆ, ಬಾಡಿಯಿಂದ ಗೇರ್‌ಬಾಕ್ಸಿಗೆ ಹೋಗುತ್ತದೆ. ಮೇಲಿನಿಂದ ನೋಡಿದರೆ ಗಟ್ಟಿಯಾಗೇ ಇತ್ತು, ಕೈಯಲ್ಲಿ ಎಳೆದರೂ ಅಲ್ಲಾಡಲಿಲ್ಲ. ಬೋಲ್ಟ್ ಬಿಚ್ಚಿದಾಗ ವಾಷರ್ ಕೆಳಗೆ ಪೂರ್ತಿ ಹಸಿರು ಪುಡಿ, ಬಾಡಿಯ ಕಡೆ ಕಂದು ತುಕ್ಕು. ವೈರಿನ ತುದಿಯಲ್ಲಿ ಅರ್ಧ ಎಳೆಗಳು ಕಡಿದೇ ಹೋಗಿದ್ದವು. ಬ್ಯಾಟರಿ ನೆಗೆಟಿವ್ ತೆಗೆದಿಟ್ಟು, ಎರಡೂ ಕಡೆ ಮರಳು ಕಾಗದದಿಂದ ಹೊಳೆಯುವ ತನಕ ಉಜ್ಜಿ, ಹೊಸ ವೈರ್ ಹಾಕಿ ಬಿಗಿದೆ. ಮೇಲೆ ಒಂದಿಷ್ಟು ಗ್ರೀಸ್ ಸವರಿದೆ.

ಈಗ 0.1. ಇವತ್ತು ನಿನ್ನೆಗಿಂತ ಜಾಸ್ತಿ ಚಳಿ, ಗಾಜಿನ ಮೇಲೆ ಹಿಮ ಕಟ್ಟಿತ್ತು, ಆದರೂ ಅರ್ಧ ತಿರುಗಿಸುವಷ್ಟರಲ್ಲಿ ಸ್ಟಾರ್ಟ್. ಹಳೇ ಬ್ಯಾಟರಿ ಇನ್ನೂ ಮನೆಯ ಮೂಲೆಯಲ್ಲೇ ಇದೆ. ಅಳೆದರೆ 12.5. ಅದನ್ನು ಏನು ಮಾಡಲಿ?

ಗ್ರೀಸ್‌_ಕೈ:
ತಿಂಗಳಿಗೊಮ್ಮೆ ಚಾರ್ಜ್ ಮಾಡಿಡಿ. ಹೊಸ ಬ್ಯಾಟರಿ ಬೇಕು ಅಂದಿದ್ದು ಯಾರು ಅಂತ ಕೇಳುವುದಿಲ್ಲ.