ಸೇನೆಯದಲ್ಲದ ಪಿಸ್ತೂಲಿಗೆ ಏನನ್ನೋಣ?

ಶಿವಮೊಗ್ಗದ ಒಂದು ಪತ್ರಿಕೆಗಾಗಿ ಪಿಸ್ತೂಲುಗಳ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಂದೇ ಪಿಸ್ತೂಲು ಸೇನೆಗೊಂದು ಬಗೆ, ಅಂಗಡಿಯಲ್ಲಿ ಕೊಳ್ಳುವವರಿಗೊಂದು ಬಗೆ ಬರುತ್ತದಲ್ಲ, ಅದೇ ವಿಷಯ. ಮೊದಲನೆಯದಕ್ಕೆ ‘ಸೇನಾ ಮಾದರಿ’ ಎಂದೆ, ತಕರಾರಿಲ್ಲ. ಎರಡನೆಯದಕ್ಕೆ ‘ನಾಗರಿಕ ಮಾದರಿ’ ಎಂದು ಬರೆದು ಓದಿದರೆ ನಗು ಬರುತ್ತದೆ. ಉಳಿದ ಪಿಸ್ತೂಲುಗಳೆಲ್ಲ ಅನಾಗರಿಕವೇ? ‘ನಾಗರಿಕ ವಿಮಾನಯಾನ’ ರೂಢಿಯಲ್ಲಿದೆ, ನಿಜ. ಆದರೆ ಅದು ಸರ್ಕಾರಿ ಬೋರ್ಡಿನ ಮಾತು, ಯಾರ ಬಾಯಲ್ಲೂ ಇಲ್ಲ. ‘ಮಫ್ತಿ’ ಚೆನ್ನಾಗಿತ್ತು, ಆದರೆ ಅದು ಪೊಲೀಸರ ಬಟ್ಟೆಗೇ ಅಂಟಿಕೊಂಡಿದೆ.

‘ಆವೃತ್ತಿ’ಯೂ ನನಗೆ ಒಗ್ಗುತ್ತಿಲ್ಲ. ಆವೃತ್ತಿ ಎಂದರೆ ಮೂಲ ಒಂದಿದೆ, ಅದು ಸೇನೆಯದೇ ಎಂದು ಓದುಗರು ಅಂದುಕೊಳ್ಳುತ್ತಾರೆ. ಇಲ್ಲಿ ಆಗಿದ್ದು ಉಲ್ಟಾ. ಸಿಗ್ ಸಾವರ್ ಕಂಪನಿಯ ಪಿ320 ಮೊದಲು ಬಂದದ್ದು ಜನರಿಗೆ, 2014ರಲ್ಲಿ. ಅಮೆರಿಕದ ಭೂಸೇನೆ ಅದನ್ನು ಆರಿಸಿಕೊಂಡದ್ದು 2017ರ ಜನವರಿಯಲ್ಲಿ. ದೊಡ್ಡದಕ್ಕೆ ಎಂ17, ಗಿಡ್ಡದಕ್ಕೆ ಎಂ18 ಎಂದು ಹೆಸರಾಯಿತು. ಸೇನೆಯದರಲ್ಲಿ ಹೆಬ್ಬೆರಳಿನಿಂದ ಸರಿಸುವ ಸೇಫ್ಟಿ, ಅಂದರೆ ಗುಂಡು ತಾನಾಗಿ ಹಾರದಂತೆ ತಡೆಯುವ ಗುಂಡಿ ಇದೆ. ಸಾಮಾನ್ಯ ಪಿ320ಗಳಲ್ಲಿ ಹೆಚ್ಚಿನವಕ್ಕೆ ಅದಿಲ್ಲ. ಗುಂಡು ಸೇನೆಯದಕ್ಕೆ 9 ಎಂಎಂ, ಸಾಮಾನ್ಯ ಪಿ320 ಬಂದಿರುವುದು 9 ಎಂಎಂನಲ್ಲೂ ಬೇರೆ ಅಳತೆಗಳಲ್ಲೂ. ಆಮೇಲೆ ಕಂಪನಿ ಎಂ17ನ್ನೇ ಹೋಲುವ ಪಿಸ್ತೂಲನ್ನು ಜನರಿಗೂ ಮಾರಿತು! ಈಗ ಅದಕ್ಕೆ ಏನು ಹೆಸರಿಡೋದು ಹೇಳಿ.

ನಮ್ಮ ದೇಶದ ಕಥೆಯೇ ಬೇರೆ. ಇಲ್ಲಿ ಗೆರೆ ಎಳೆಯುವುದು ಬೋರ್, ಅಂದರೆ ನಳಿಗೆಯ ಒಳಗಿನ ಅಗಲ. 9 ಎಂಎಂ ‘ನಿಷೇಧಿತ ಬೋರ್’, ಅದರ ಲೈಸನ್ಸ್ ಕೊಡುವುದು ಕೇಂದ್ರ ಗೃಹ ಇಲಾಖೆ. ಡಿಸಿ ಕಚೇರಿಯಲ್ಲಿ ಅರ್ಜಿ ಹಾಕಿದವರಿಗೆ ಸಿಗುವುದು .32ರಂಥವು. ಸೇನೆಯಲ್ಲಿ ಬಹುಕಾಲ ಬಳಸಿದ್ದು ಇಶಾಪುರ ಕಾರ್ಖಾನೆಯ 9 ಎಂಎಂ 1ಎ, ವಿದೇಶಿ ಪಿಸ್ತೂಲಾದ ಬ್ರೌನಿಂಗ್ ಹೈ ಪವರ್‌ನ ಪಡಿಯಚ್ಚು. ಜನರು ಕೊಳ್ಳುವ .32 ಪಿಸ್ತೂಲು ಅದರ ತಮ್ಮನೂ ಅಲ್ಲ, ಬೇರೆಯದೇ ಪಿಸ್ತೂಲು. ಹಾಗಾಗಿ ‘ಒಂದೇ ಪಿಸ್ತೂಲಿನ ಎರಡು ಬಗೆ’ ಎಂಬ ಮಾತೇ ನಮ್ಮಲ್ಲಿ ಹುಟ್ಟಿಲ್ಲ.

ತೀರ್ಥಹಳ್ಳಿ, ಹೊಸನಗರದ ಕಡೆ ‘ಲೈಸನ್ಸ್ ಕೋವಿ’ ಅನ್ನುತ್ತಾರೆ. ಚುನಾವಣೆ ಬಂತೆಂದರೆ ಸ್ಟೇಷನ್ನಿಗೆ ಕೊಟ್ಟು ಬರುವುದು ಅದನ್ನೇ. ‘ಲೈಸನ್ಸ್ ಪಿಸ್ತೂಲು’ ಎಂದರಾಯಿತು ಅಂತ ಸ್ನೇಹಿತರೊಬ್ಬರು ಹೇಳಿದರು. ಆದರೆ ಲೈಸನ್ಸ್ ಕೋವಿಯ ಎದುರು ಪದ ಕಳ್ಳಕೋವಿ, ಸೇನೆಯ ಕೋವಿ ಅಲ್ಲ. ಅಲ್ವಾ?

ಬೋರ್ ಎಂಬುದೂ ಸುಮ್ನೆ ಬಿಡುವ ಪದವಲ್ಲ. ತೋಟದವರಿಗೆ ಬೋರ್ ಎಂದರೆ ಮೊದಲು ನೆನಪಾಗುವುದು ಕೊಳವೆ ಬಾವಿ. ಅದಿರಲಿ, 12 ಬೋರ್ ಮತ್ತು .32 ಬೋರ್ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಲೆಕ್ಕ ಮಾತ್ರ ಬೇರೆ ಬೇರೆ. .32 ಎಂದರೆ ಇಂಚಿನ ಅಳತೆ. 12 ಬೋರ್ ಎಂದರೆ ನಳಿಗೆಯಷ್ಟೇ ದಪ್ಪದ 12 ಸೀಸದ ಗುಂಡು ಸೇರಿದರೆ ಒಂದು ಪೌಂಡ್ ತೂಕ. ಅಂದರೆ 12 ಬೋರಿನ ನಳಿಗೆ ಸುಮಾರು 18.5 ಎಂಎಂ ಅಗಲ, .32ರದ್ದು 8 ಎಂಎಂ ಆಸುಪಾಸು. ಕನ್ನಡದಲ್ಲಿ ಒಂದಕ್ಕಾದರೂ ಬೇರೆ ಹೆಸರಿದ್ದರೆ ಚೆನ್ನಾಗಿತ್ತು.

ಸದ್ಯಕ್ಕೆ ‘ಸೇನಾ ಮಾದರಿ’, ‘ಮಾರಾಟದ ಮಾದರಿ’ ಎಂದು ಬರೆದಿಟ್ಟಿದ್ದೇನೆ. ‘ಸೈನ್ಯೇತರ’ ನನಗೆ ಜಾಸ್ತಿ ಬಿಗಿ ಅನಿಸಿತು. ಇದಕ್ಕಿಂತ ಒಳ್ಳೆಯದು ಹೊಳೆದರೆ ತಿಳಿಸಿ.

ಇನ್ನೊಂದು ಪ್ರಶ್ನೆ ‘ಕುದುರೆ’ಯದ್ದು. ಕೇಪಿನ ಕೋವಿಯಲ್ಲಿ (ಕೇಪು ಎಂದರೆ ಹೊಡೆದಾಗ ಮದ್ದಿಗೆ ಕಿಡಿ ಕೊಡುವ ಪುಟ್ಟ ಮುಚ್ಚಳ) ಹಿಂದಕ್ಕೆ ಎತ್ತಿ ನಿಲ್ಲಿಸುವ ಭಾಗಕ್ಕೆ ಕುದುರೆ ಎನ್ನುವುದುಂಟು. ಕಥೆಗಳಲ್ಲಿ ಬೆರಳಿನಿಂದ ಎಳೆಯುವ ಟ್ರಿಗರ್‌ಗೂ ಅದೇ ಪದ ಓದಿದ್ದೇನೆ. ಎಂ17ಕ್ಕಿಂತ ಮೊದಲಿದ್ದ ಬೆರೆಟ್ಟಾ ಎಂ9ರಲ್ಲಿ ಹಿಂದೆ ಎತ್ತುವ ಕುದುರೆ ಕಣ್ಣಿಗೆ ಕಾಣುತ್ತದೆ. ಎಂ17ರಲ್ಲಿ ಅದು ಇಲ್ಲವೇ ಇಲ್ಲ, ಒಳಗಿನ ಸೂಜಿಯೇ ಕೇಪಿಗೆ ಹೊಡೆಯುತ್ತದೆ. ನಾನು ‘ಕುದುರೆ ಇಲ್ಲದ ಪಿಸ್ತೂಲು’ ಎಂದು ಬರೆದರೆ, ಟ್ರಿಗರೇ ಇಲ್ಲ ಅಂತ ಯಾರಾದರೂ ಓದಿಕೊಳ್ಳುತ್ತಾರಾ? ನಿಮ್ಮ ಊರಿನಲ್ಲಿ ಕುದುರೆ ಎಂದರೆ ಇವೆರಡರಲ್ಲಿ ಯಾವುದು?