ಹುಟ್ಟಿನಿಂದಲೇ ಇದ್ದ ಥಲಸ್ಸೇಮಿಯಾ ಮೊದಲ ಆರು ತಿಂಗಳು ಯಾಕೆ ಕಾಣಿಸಲಿಲ್ಲ?

ತಿಪಟೂರಿನ ಮಾವ:
ನಮಸ್ಕಾರ. ನನ್ನ ಅಕ್ಕನ ಮಗಳಿಗೆ ಈಗ ಹತ್ತು ತಿಂಗಳು. ಹುಟ್ಟಿದಾಗ ಮೂರು ಕೆಜಿ, ಗುಂಡುಗುಂಡಗಿದ್ದಳು. ಆರು ತಿಂಗಳು ತುಂಬಿದ ಮೇಲೆ ಅಕ್ಕ ರಾಗಿ ಸರಿ ಶುರು ಮಾಡಿದಳು. ಅಲ್ಲಿಂದ ಎರಡೇ ತಿಂಗಳಲ್ಲಿ ಮಗು ಬಿಳಿಚಿಕೊಂಡಿತು. ಹಾಲು ಕುಡಿಯುತ್ತಲೇ ಸುಸ್ತಾಗಿ ಬಾಯಿ ಬಿಟ್ಟುಬಿಡುತ್ತಿತ್ತು. ರಕ್ತ ನೋಡಿದರೆ ಹಿಮೋಗ್ಲೋಬಿನ್ 5. ಬೀಟಾ ಥಲಸ್ಸೇಮಿಯಾ ಮೇಜರ್ ಅಂದರು, ಮೈಯಲ್ಲಿ ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ರೋಗವಂತೆ. ಈಗ ಮೂರು ವಾರಕ್ಕೊಮ್ಮೆ ರಕ್ತ ಹಾಕಿಸುತ್ತಿದ್ದೇವೆ.
ಇದು ಹುಟ್ಟಿನಿಂದ ಇರುವ ಜೀನ್ ದೋಷವಂತೆ. ಹಾಗಾದರೆ ಆರು ತಿಂಗಳು ಎಲ್ಲಿತ್ತು? ಅಕ್ಕನ ಅತ್ತೆ ರಾಗಿ ಸರಿಯದ್ದೇ ತಪ್ಪು ಅನ್ನುತ್ತಾರೆ. ಅಕ್ಕ ಮಗುವಿಗೆ ಏನು ತಿನ್ನಿಸಲೂ ಹೆದರುತ್ತಿದ್ದಾಳೆ.

ಲ್ಯಾಬ್ ಅಕ್ಕ:
ರಾಗಿ ಸರಿಗೂ ಇದಕ್ಕೂ ಏನೇನೂ ಸಂಬಂಧವಿಲ್ಲ. ಮೊದಲು ಇದನ್ನು ನಿಮ್ಮ ಅಕ್ಕನಿಗೆ ಹೇಳಿ ಬನ್ನಿ, ಆಮೇಲೆ ಮುಂದಿನದು ಓದಿ.
ಹದಿನಾಲ್ಕು ವರ್ಷದಿಂದ ನಾನು ಹಿಮೋಗ್ಲೋಬಿನ್ ಬಗೆಗಳನ್ನು ಬೇರ್ಪಡಿಸಿ ತೋರಿಸುವ ಯಂತ್ರದ ಮುಂದೆ ಕೂರುತ್ತಿದ್ದೇನೆ. ಆಗ ತಾನೇ ಹುಟ್ಟಿದ ಮಗುವಿನ ರಕ್ತ ಹಾಕಿದರೆ ಪರದೆಯ ಎಡಗಡೆ ಒಂದು ದೊಡ್ಡ ಗುಡ್ಡ ಏಳುತ್ತದೆ. ಅದು ಎಫ್, ಅಂದರೆ ಮಗು ಹೊಟ್ಟೆಯಲ್ಲಿದ್ದಾಗಿನ ಹಿಮೋಗ್ಲೋಬಿನ್, ಶೇ 60ರಿಂದ 80. ಆರೋಗ್ಯವಾಗಿರುವ ಅದೇ ಮಗುವನ್ನು ವರ್ಷ ತುಂಬಿದ ಮೇಲೆ ಕರೆತಂದರೆ ಆ ಗುಡ್ಡ ನೆಲಕ್ಕೆ ಇಳಿದಿರುತ್ತದೆ. ಪಕ್ಕದಲ್ಲಿ ದೊಡ್ಡವರ ಎ ಗುಡ್ಡ ಎದ್ದು ನಿಂತಿರುತ್ತದೆ. ಎಷ್ಟು ಸಲ ನೋಡಿದರೂ ನನಗೆ ಅದು ಆಶ್ಚರ್ಯವೇ.
ಹಿಮೋಗ್ಲೋಬಿನ್‌ನಲ್ಲಿ ನಾಲ್ಕು ಎಳೆ. ಎರಡು ಆಲ್ಫಾ, ಅವು ಕೊನೆತನಕ ಅವೇ. ಉಳಿದೆರಡು ಹೊಟ್ಟೆಯಲ್ಲಿರುವಾಗ ಗಾಮಾ (ಅದೇ ಎಫ್), ಹುಟ್ಟಿದ ಮೇಲೆ ಬೀಟಾ (ಅದೇ ಎ). ಗಾಮಾ ಇದ್ದರೆ ಆಮ್ಲಜನಕವನ್ನು ಬಿಗಿಯಾಗಿ ಹಿಡಿಯಬಹುದು, ತಾಯಿಯ ರಕ್ತದಿಂದ ಎಳೆದುಕೊಳ್ಳಬೇಕಲ್ವಾ. ಗಾಮಾ, ಬೀಟಾ ಎರಡರ ಜೀನ್‌ಗಳೂ 11ನೇ ಕ್ರೋಮೋಸೋಮ್‌ನಲ್ಲಿ ಒಂದೇ ಸಾಲಿನಲ್ಲಿವೆ. ಸಾಲಿನ ತಲೆಯ ಕಡೆ ಡಿಎನ್‌ಎಯ ಇನ್ನೊಂದು ತುಂಡಿದೆ. ಅದು ತಾನು ಏನನ್ನೂ ತಯಾರಿಸುವುದಿಲ್ಲ, ಬೇರೆ ಜೀನ್‌ಗಳಿಗೆ ಬಲ ಕೊಡುತ್ತದೆ. ಡಿಎನ್‌ಎ ಬಾಗಿ ಆ ತುಂಡು ಯಾರನ್ನು ಮುಟ್ಟುತ್ತದೋ ಅವರು ಜೋರಾಗಿ ಕೆಲಸ ಮಾಡುತ್ತಾರೆ.
ನಿಮ್ಮ ಕಡೆ ತೆಂಗಿನ ತೋಟ ಜಾಸ್ತಿ. ಒಂದೇ ಬೋರ್‌ವೆಲ್, ಎರಡು ತೋಟ ಅಂದುಕೊಳ್ಳಿ. ಬೋರ್‌ವೆಲ್ ಅಂದರೆ ಆ ತುಂಡು, ಮೇಲಿನ ತೋಟ ಗಾಮಾ, ಕೆಳಗಿನದು ಬೀಟಾ. ಹೊತ್ತು ಬಂದಾಗ ಮೇಲಿನ ತೋಟದ ವಾಲ್ವ್ ಮುಚ್ಚಿ ನೀರನ್ನು ಕೆಳಗಿನದಕ್ಕೆ ತಿರುಗಿಸುತ್ತಾರೆ. ನಿಮ್ಮ ಸೊಸೆಯಲ್ಲಿ ಕೆಳಗಿನ ಪೈಪ್ ಮೊದಲಿನಿಂದಲೇ ಒಡೆದಿತ್ತು. ನೀರು ಮೇಲೆ ಹರಿಯುವವರೆಗೆ ಅದು ಯಾರಿಗೂ ಗೊತ್ತಾಗಲಿಲ್ಲ. ಮಗು ಹುಟ್ಟುವ ಮೊದಲೇ ವಾಲ್ವ್ ತಿರುಗಲು ಶುರುವಾಗುತ್ತದೆ. ಹಳೇ ಕೆಂಪುಕಣಗಳು ಎರಡು ಮೂರು ತಿಂಗಳು ಬಾಳುವುದರಿಂದ ಕೊರತೆ ಎದ್ದು ಕಾಣುವುದು ಸುಮಾರು ಆರು ತಿಂಗಳ ಮೇಲೆ. ರಾಗಿ ಸರಿ ಶುರು ಮಾಡುವುದೂ ಆಗಲೇ. ಅಷ್ಟೇ.

ತಿಪಟೂರಿನ ಮಾವ:
ಮೇಡಂ, ಒಂದು ಅನುಮಾನ. ಮೊದಲ ಸಲ ರಕ್ತ ಹಾಕುವ ಮೊದಲು ಮಾಡಿಸಿದ ರಿಪೋರ್ಟ್‌ನಲ್ಲಿ ಎಫ್ 94 ಅಂತಿದೆ. ಮೇಲಿನ ವಾಲ್ವ್ ಮುಚ್ಚಿದ್ದರೆ ಇಷ್ಟು ಹೇಗೆ?

ಲ್ಯಾಬ್ ಅಕ್ಕ:
ಒಳ್ಳೇ ಪ್ರಶ್ನೆ. 94 ಅನ್ನುವುದು ನೂರರಲ್ಲಿ ಪಾಲು, ಒಟ್ಟು ಮೊತ್ತ ಅಲ್ಲ. ಬೀಟಾ ಇಲ್ಲದಿದ್ದರೆ ಎ ಬರುವುದೇ ಇಲ್ಲ, ಹಾಗಾಗಿ ಇದ್ದಬದ್ದದ್ದೆಲ್ಲ ಎಫ್ ಆಗಿಯೇ ಕಾಣುತ್ತದೆ. ಆದರೆ 100 ಮಿ.ಲೀ. ರಕ್ತದಲ್ಲಿ ಒಟ್ಟು ಇರುವುದೇ 5 ಗ್ರಾಂ. ವಾಲ್ವ್ ಪೂರ್ತಿ ಬಿಗಿಯಾಗಿಲ್ಲದ ಕೆಲವು ಕಣಗಳಲ್ಲಿ ಗಾಮಾ ಇನ್ನೂ ಒಸರುತ್ತಿರುತ್ತದೆ. ಅಂಥ ಕಣಗಳೇ ಬದುಕಿ ಉಳಿಯುತ್ತವೆ. ಆದರೆ ಅಷ್ಟು ಮಗುವಿಗೆ ಸಾಲುವುದಿಲ್ಲ.

ಎಂಎಸ್ಸಿ ಓದುತ್ತಿರುವವಳು:
ಆ ವಾಲ್ವ್ ಮುಚ್ಚುವ ಪ್ರೋಟೀನ್‌ನ ಹೆಸರು ಬಿಸಿಎಲ್11ಎ. ಅದು ಗಾಮಾ ಜೀನ್‌ನ ಮುಂಬಾಗಿಲಲ್ಲೇ ಕೂರುತ್ತದೆ. ಅದನ್ನು ಕಿತ್ತುಹಾಕೋಣ ಅಂದರೆ ಮೆದುಳಿಗೂ ಬಿಳಿ ರಕ್ತಕಣಗಳಿಗೂ ಅದು ಬೇಕು. ಆದರೆ ಆ ಜೀನ್ ಒಳಗೆ ಕೆಂಪುಕಣಗಳ ವಂಶದಲ್ಲಿ ಮಾತ್ರ ಕೆಲಸ ಮಾಡುವ ಒಂದು ಸ್ವಿಚ್ ಇದೆ. ರೋಗಿಯ ರಕ್ತದ ಮೂಲಕೋಶಗಳನ್ನು ಹೊರತೆಗೆದು, ಕ್ರಿಸ್ಪರ್ ಅನ್ನುವ ಡಿಎನ್‌ಎ ಕತ್ತರಿಯಿಂದ ಅದೊಂದನ್ನೇ ಕತ್ತರಿಸಿ, ವಾಪಸ್ ಹಾಕುತ್ತಾರೆ. ಗಾಮಾ ಮತ್ತೆ ಹರಿಯುತ್ತದೆ. ಕ್ಯಾಸ್‌ಜೆವಿ ಅನ್ನುವ ಈ ಚಿಕಿತ್ಸೆಗೆ 2023ರ ನವೆಂಬರ್‌ನಲ್ಲಿ ಬ್ರಿಟನ್ ಒಪ್ಪಿಗೆ ಕೊಟ್ಟಿತು, ಆಗ 12 ವರ್ಷ ತುಂಬಿದವರಿಗೆ. ಅಮೆರಿಕದಲ್ಲಿ ಬೆಲೆ 22 ಲಕ್ಷ ಡಾಲರ್. ಈ ಬೆಲೆ ನಮ್ಮ ಮಕ್ಕಳಿಗೆ ಎಟುಕುವಷ್ಟು ಇಳಿಯಲೇಬೇಕು.

ಲ್ಯಾಬ್ ಅಕ್ಕ:
ಇನ್ನೆರಡು ಮಾತು. ಕಬ್ಬಿಣದ ಸಿರಪ್ಪನ್ನು ಡಾಕ್ಟರ್ ಹೇಳದೆ ಕೊಡಬೇಡಿ, ಹಾಕಿಸಿದ ರಕ್ತದಿಂದಲೇ ಮೈಯಲ್ಲಿ ಕಬ್ಬಿಣ ಸೇರುತ್ತಾ ಹೋಗುತ್ತದೆ. ನಿಮ್ಮ ಅಕ್ಕ, ಭಾವ ಇಬ್ಬರಲ್ಲೂ ಒಂದೊಂದು ಕೆಟ್ಟ ಬೀಟಾ ಜೀನ್ ಇರುತ್ತದೆ. ಇನ್ನೊಂದು ಮಗು ಬೇಕೆಂದರೆ ಬಸಿರಾದ ಕೂಡಲೇ ಡಾಕ್ಟರಿಗೆ ಹೇಳಲಿ, ನಾಲ್ಕರಲ್ಲಿ ಒಂದು ಪಾಲು ಇದೇ ಆಗುವ ಸಾಧ್ಯತೆ. ನಿಮ್ಮಲ್ಲೂ ಒಂದು ಕೆಟ್ಟ ಜೀನ್ ಇರುವ ಸಾಧ್ಯತೆ ಅರ್ಧಕ್ಕರ್ಧ. ನಿಮ್ಮ ಎ2 ನೋಡಿಸಿ, ಅದು ಹಿಮೋಗ್ಲೋಬಿನ್‌ನ ಇನ್ನೊಂದು ಬಗೆ, ಒಂದು ಕೆಟ್ಟ ಬೀಟಾ ಇದ್ದವರಲ್ಲಿ ಸಾಮಾನ್ಯವಾಗಿ ಹೆಚ್ಚಿರುತ್ತದೆ.

ತಿಪಟೂರಿನ ಮಾವ:
ಅಕ್ಕನಿಗೆ ಫೋನ್ ಮಾಡಿ ಪೂರ್ತಿ ಓದಿ ಹೇಳಿದೆ. ಅವಳು ಸ್ಪೀಕರ್ ಹಾಕಿದಳು, ಅತ್ತೆಯೂ ಕೂತು ಕೇಳಿದರು. ಪೈಪ್ ಒಡೆದ ಮಾತು ಬಂದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ರಾಗಿ ಸರಿ ಕಾಸು ಹೋಗು’ ಅಂದರು ಅಕ್ಕನಿಗೆ. ಸೋಮವಾರ ನಾನು ರಕ್ತ ಕೊಟ್ಟು ಬರುತ್ತೇನೆ. ಎ2 ಎಷ್ಟು ಬಂತು ಅಂತ ಇಲ್ಲೇ ತಿಳಿಸುತ್ತೇನೆ.